ಓದುಗರ ಪ್ರಶ್ನೆ: ‘ಮುಂಗಾರು ಮಳೆ’ಯ ನಂದಿನಿ ಪ್ರೀತಂಗೆ ಕೈ ಕೊಟ್ಟಳಾ?

ಮಳೆ ಶುರುವಾಯಿತು, ಈ ಪ್ರಶ್ನೆಯೂ ಬಂತು. ‘ಅಷ್ಟು ಪ್ರೀತಿಸಿದ ಹುಡುಗನನ್ನು ಬಿಟ್ಟು ಮನೆಯವರು ನೋಡಿದ ಗಂಡನ್ನೇ ಕಟ್ಟಿಕೊಂಡಳಲ್ಲ, ನಂದಿನಿ ಮಾಡಿದ್ದು ಮೋಸ ಅಲ್ವಾ?’

ಅಲ್ಲ. ಹೋದ ಸಲವೂ ಹೀಗೆ ಒಂದೇ ಪದದಲ್ಲಿ ಹೇಳಿ ಸುಮ್ಮನಾದೆ. ಯಾರೂ ನಂಬಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಹೇಳುತ್ತೇನೆ, ಇನ್ನೊಮ್ಮೆ ಕೇಳಬೇಡಿ.

ಸಿನಿಮಾ ಬಂದಿದ್ದು 2006ರ ಡಿಸೆಂಬರ್ ಕೊನೆಗೆ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿತು. ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಕೊನೆಯ ಭಾಗವನ್ನು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾ ನೋಡಿದ್ದಾರೆ. ಅಲ್ಲೇ ಎಡವಟ್ಟಾಗಿರೋದು.

ಮೊದಲನೆಯದಾಗಿ, ನಂದಿನಿ ಏನನ್ನೂ ಮುಚ್ಚಿಡಲಿಲ್ಲ. ಪ್ರೀತಂ ಅಮ್ಮನ ಜೊತೆ ಮಡಿಕೇರಿಗೆ ಹೋಗಿದ್ದೇ ಅವಳ ಮದುವೆ ಊಟಕ್ಕೆ! ಅವಳು ಸ್ನೇಹಿತರಾಗಿರೋಣ ಅಂದಳು. ಬಿಡದೆ ಹಿಂದೆ ಬಿದ್ದವನು ಅವನು. ಜಯಂತ ಕಾಯ್ಕಿಣಿ ಬರೆದು ಶ್ರೇಯಾ ಘೋಷಾಲ್ ಹಾಡಿದ ಅವಳ ಹಾಡನ್ನೇ ಇನ್ನೊಮ್ಮೆ ಕೇಳಿ. ಪ್ರೀತಿಯ ಬಂಧನಕ್ಕೆ ಸಿಕ್ಕಿ ಸ್ನೇಹ ಬಾಡದಿರಲಿ ಅಂತ ತಾನೇ ಅದರಲ್ಲಿರೋದು? ಇನ್ನೆಷ್ಟು ಬಿಡಿಸಿ ಹೇಳಬೇಕಿತ್ತು?

ಆಮೇಲೆ ಅವಳಿಗೂ ಮನಸ್ಸಾಯಿತು, ನಿಜ. ಜಲಪಾತದ ನೆತ್ತಿಯಲ್ಲಿ ಅವನನ್ನು ತಬ್ಬಿಕೊಂಡು, ಮದುವೆ ನಿಲ್ಲಿಸೋಕೆ ನನ್ನ ಕೈಲಾಗಲ್ಲ, ಇಲ್ಲಿಂದ ನೂಕಿಬಿಡು ಅನ್ನುವಷ್ಟು. ಇದು ಮೋಸ ಮಾಡುವವಳ ಲಕ್ಷಣವಾ?

ಈಗ ಆ ಬೆಳಗಿನ ವಿಷಯಕ್ಕೆ ಬನ್ನಿ. ಮದುವೆ ಮಾತಾಡೋಕೆ ಅಂತ ಪ್ರೀತಂ ನಂದಿನಿಯ ಅಪ್ಪ ಕರ್ನಲ್ ಸುಬ್ಬಯ್ಯನವರನ್ನು ಕರೆದುಕೊಂಡು ಹೊರಡುತ್ತಾನೆ. ಅವರು ತಮ್ಮ ಹೃದಯದ ಕಾಯಿಲೆ ಹೇಳಿ, ಮಗಳ ಮದುವೆ ನೋಡಿದರೆ ಸಾಕು ಅನ್ನುತ್ತಾರೆ. ಇವನು ಬಾಯಿ ಬಿಡದೆ ವಾಪಸ್ ಬರುತ್ತಾನೆ. ತೀರ್ಮಾನ ಆಗಿದ್ದು ಅಲ್ಲಿ. ನಂದಿನಿ ಆ ಜಾಗದಲ್ಲಿ ಇರಲೇ ಇಲ್ಲ. ಪಾಪ, ಕರ್ನಲ್‌ಗೂ ತಾವು ಯಾವ ತೀರ್ಮಾನಕ್ಕೆ ಕಾರಣರಾದೆವು ಅನ್ನೋದು ಗೊತ್ತಿಲ್ಲ.

ಮದುವೆಯ ಹಿಂದಿನ ರಾತ್ರಿ ಅವಳನ್ನು ಬಿಟ್ಟು ಕಾರು ಹತ್ತಿ ಹೋದದ್ದು ಯಾರು? ಪ್ರೀತಂ. ಬಾರ್‌ನಲ್ಲಿ ಸಿಕ್ಕಿದ ಮದುಮಗ ಗೌತಮ್‌ನ ಜೀವ ಉಳಿಸಿ, ಮದುವೆ ಮನೆವರೆಗೂ ತಲುಪಿಸಿದ್ದು ಯಾರು? ಅದೂ ಅವನೇ. ತಾನೇ ಬಸ್ಸಿಂದ ಇಳಿದು, ತನ್ನ ಸೀಟಲ್ಲಿ ಇನ್ನೊಬ್ಬರನ್ನು ಕೂರಿಸಿ, ಬಸ್ಸು ಕೈ ಕೊಡ್ತು ಅಂದರೆ ಹೇಗೆ?

‘ಅದು ತ್ಯಾಗ ರೀ’ ಅನ್ನುತ್ತೀರಿ. ಇರಲಿ. ತ್ಯಾಗ ಅಂದಮೇಲೆ ಬಿಟ್ಟುಕೊಟ್ಟವನು ಅವನು ಅಂತ ನೀವೇ ಒಪ್ಪಿದ ಹಾಗಾಯಿತಲ್ಲ! ಬಿಟ್ಟುಕೊಟ್ಟ ಪುಣ್ಯ ಅವನಿಗೆ, ಬಿಟ್ಟುಹೋದ ಪಾಪ ಅವಳಿಗೆ. ಎರಡೂ ಒಟ್ಟಿಗೆ ಆಗಲ್ಲ.

ಮತ್ತೆ ಸಿಟ್ಟು ಅವಳ ಮೇಲೇ ಯಾಕೆ? ಕೊನೆಯಲ್ಲಿ ಕ್ಯಾಮೆರಾ ಅವನ ಜೊತೆ ಹೊರಟುಬಿಡುತ್ತದೆ, ಅಷ್ಟೇ. ಕುಡಿದು ಅತ್ತು ಹೇಳಿಕೊಳ್ಳೋಕೆ ಅವನಿಗೊಂದು ಮೊಲ ಇತ್ತು. ಮದುಮಗಳ ಕೋಣೆಯಲ್ಲಿದ್ದವಳಿಗೆ ಮೊಲವೂ ಇರಲಿಲ್ಲ.

ಮೊಲ ಅಂದಾಗ ನೆನಪಾಯಿತು. ಅದರ ಹೆಸರು ದೇವದಾಸ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಹುಡುಗಿ ಕೈ ಕೊಟ್ಟು ಗಡ್ಡ ಬಿಟ್ಟವರನ್ನೆಲ್ಲ ದೇವದಾಸ ಅಂತೀವಿ. 1917ರಲ್ಲಿ ಬಂದ ಶರತ್‌ಚಂದ್ರರ ‘ದೇವದಾಸ’ ಕಾದಂಬರಿ ತೆಗೆದು ನೋಡಿ. ನಡುರಾತ್ರಿ ಒಬ್ಬಳೇ ದೇವದಾಸನ ಕೋಣೆಗೆ ಬಂದು ಮದುವೆಯಾಗು ಅಂತ ಕೇಳಿದವಳು ಅವನ ಬಾಲ್ಯದ ಗೆಳತಿ ಪಾರ್ವತಿ. ಅಪ್ಪ ಅಮ್ಮ ಬೇಡ ಅಂದಿದ್ದಕ್ಕೆ ಕಲ್ಕತ್ತೆಗೆ ಹೋಗಿ ಕೂತು, ನಿನ್ನ ಮೇಲೆ ನನಗೆ ಅಂಥಾ ಪ್ರೀತಿಯೇನೂ ಇರಲಿಲ್ಲ ಅಂತ ಕಾಗದ ಬರೆದವನು ಅವನು. ಕುಡಿತ ಎಲ್ಲ ಆಮೇಲಿನ ಮಾತು. ಗಾದೆಯಂತಾದ ಆ ಹೆಸರು ಮಾತ್ರ ನಮ್ಮಲ್ಲಿ ಉಲ್ಟಾ ನಿಂತುಬಿಟ್ಟಿದೆ.

ಅಂದಹಾಗೆ, ಮೊಲಕ್ಕೆ ಆ ಹೆಸರಿಟ್ಟಿದ್ದು ಪ್ರೀತಂ. ನಂದಿನಿ ಅಲ್ಲ.