ಬೀಗ ಒಂದೂರಿನದು, ಹೆಸರು ಇನ್ನೊಂದೂರಿನದು

ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, ‘ಎಷ್ಟು ಲೀವರ್ ಕೊಡಲಿ ಸಾರ್, ಆರಾ, ಏಳಾ?’ ಲೀವರ್ ಅಂದರೇನೆಂದು ನಮಗೆ ಸರಿಯಾಗಿ ಗೊತ್ತಿರುವುದಿಲ್ಲ. ಹೆಚ್ಚಿದ್ದಷ್ಟೂ ಗಟ್ಟಿ ಅಂದುಕೊಂಡು ಏಳರದ್ದೇ ತರುತ್ತೇವೆ.

ಬೀಗದ ಹೊಟ್ಟೆಯಲ್ಲಿ ಒಂದರ ಮೇಲೊಂದು ಕೂತ ತೆಳ್ಳನೆ ಲೋಹದ ಪಟ್ಟಿಗಳೇ ಲೀವರುಗಳು. ಕೀಲಿಯ ಒಂದೊಂದು ಮೆಟ್ಟಿಲೂ ಒಂದೊಂದು ಪಟ್ಟಿಯನ್ನು ಎತ್ತುತ್ತದೆ. ಎತ್ತಬೇಕಾದಷ್ಟೇ ಎತ್ತಬೇಕು. ಕಡಿಮೆಯಾದರೂ ತೆರೆಯುವುದಿಲ್ಲ, ಜಾಸ್ತಿಯಾದರೂ ತೆರೆಯುವುದಿಲ್ಲ. ಈ ‘ಜಾಸ್ತಿಯಾದರೂ’ ಎಂಬುದನ್ನು ಸೇರಿಸಿದವನು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್, 1778ರಲ್ಲಿ. ಅವನ ಬೀಗದಲ್ಲಿದ್ದದ್ದು ಎರಡೇ ಲೀವರು. ಇವತ್ತು ಅಂಗಡಿಯವರು ಹೇಳುವ ಲೆಕ್ಕ ಶುರುವಾದದ್ದು ಅಲ್ಲಿಂದ.

ಮುಂದಿನ ಎಪ್ಪತ್ತು ವರ್ಷ ಬೀಗವೆಂದರೆ ಇಂಗ್ಲೆಂಡ್. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳರು ನಕಲಿ ಕೀಲಿ ಬಳಸಿ ಕನ್ನ ಹಾಕಿದರು. ತನ್ನ ಕೀಲಿಗಲ್ಲದೆ ಬೇರೆ ಯಾವುದಕ್ಕೂ ತೆರೆಯದ ಬೀಗ ಮಾಡಿಕೊಟ್ಟವರಿಗೆ 100 ಪೌಂಡ್ ಬಹುಮಾನ ಎಂದು ಸರ್ಕಾರ ಸಾರಿತು. ಅದನ್ನು ಗೆದ್ದವನು ಜೆರೆಮಿಯಾ ಚಬ್. ಅವನು 1818ರಲ್ಲಿ ಮಾಡಿದ ಬೀಗಕ್ಕೆ ಯಾರಾದರೂ ಕಳ್ಳಕೀಲಿ ಹಾಕಿದರೆ ಒಳಗೊಂದು ಲೀವರ್ ಸಿಕ್ಕಿಹಾಕಿಕೊಂಡು ನಿಲ್ಲುತ್ತಿತ್ತು. ಮುಂದಿನ ಸಲ ಮಾಲೀಕ ಕೀಲಿ ಹಾಕಿದಾಗ, ತಾನಿಲ್ಲದಾಗ ಯಾರೋ ಕೈಯಾಡಿಸಿದ್ದಾರೆ ಎಂದು ಗೊತ್ತಾಗುತ್ತಿತ್ತು. ಸೆರೆಹಡಗಿನಲ್ಲಿದ್ದ ಒಬ್ಬ ಕೈದಿ ಮೊದಲು ಬೀಗ ಮಾಡುವ ಕೆಲಸದವನಾಗಿದ್ದ. ಇದನ್ನು ಬಿಚ್ಚಿದರೆ ಬಿಡುಗಡೆ ಎಂದು ಅವನಿಗೂ ಒಂದನ್ನು ಕೊಟ್ಟು ನೋಡಿದರು. ತಿಂಗಳುಗಟ್ಟಲೆ ತಿಣುಕಿ ಕೈಚೆಲ್ಲಿದ.

ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಜೋಸೆಫ್ ಬ್ರಾಮಾ ಎಂಬವನ ಅಂಗಡಿಯಿತ್ತು. ಅದರ ಕಿಟಕಿಯಲ್ಲಿ ಒಂದು ಬೀಗ, ಇದನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ (ಇಂಗ್ಲೆಂಡಿನ ಹಳೆಯ ಹಣದ ಲೆಕ್ಕ) ಎಂಬ ಫಲಕ. ಅರವತ್ತು ವರ್ಷ ಅದು ಹಾಗೇ ತೂಗುತ್ತಿತ್ತು.

1851ರಲ್ಲಿ ಹೈಡ್ ಪಾರ್ಕಿನ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಆಲ್ಫ್ರೆಡ್ ಹಾಬ್ಸ್ ಬಂದ. ಅವನು ಬಂದದ್ದೇ ತನ್ನ ಕಂಪನಿಯ ಬೀಗ ಮಾರುವುದಕ್ಕೆ. ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದ. ಕಳ್ಳನನ್ನು ಹಿಡಿದುಕೊಡಬೇಕಿದ್ದ ಆ ಲೀವರನ್ನೇ ದಾರಿ ತೋರಿಸುವ ಬೆರಳು ಮಾಡಿಕೊಂಡು ತೆರೆದನೆಂಬುದು ಮಜಾ. ಬ್ರಾಮಾ ಬೀಗಕ್ಕೆ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಹಿಡಿಯಿತು. ಇದು ತೆರೆದಂತೆ ಆಯಿತೇ ಇಲ್ಲವೇ ಎಂದು ಜಗಳವೇ ನಡೆದು ಕೊನೆಗೆ 200 ಗಿನಿ ಎಣಿಸಿಕೊಟ್ಟರು. ಕೆಲವೇ ವರ್ಷಕ್ಕೆ ಹಾಬ್ಸ್ ಮಾರಲು ತಂದಿದ್ದ ಬೀಗವನ್ನೂ ಇನ್ನೊಬ್ಬ ಅಮೆರಿಕನ್ ತೆರೆದ. ಅವನ ಹೆಸರು ಲೈನಸ್ ಯೇಲ್, ಆ ಹೆಸರಿನ ಅಪ್ಪನ ಮಗ.

ಇಂಗ್ಲಿಷರ ಮುಖಭಂಗದ ಕತೆ ಎಲ್ಲರೂ ಹೇಳುವಂಥದ್ದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲೆ ನಡೆದದ್ದು. ಹಾಬ್ಸ್ ಲಂಡನ್ನಿನಲ್ಲೇ ಉಳಿದು ಯಂತ್ರದಲ್ಲಿ ಬೀಗ ಮಾಡುವ ಕಾರ್ಖಾನೆ ತೆಗೆದ. ಆವರೆಗೆ ಇಂಗ್ಲೆಂಡಿನ ಬೀಗಗಳಲ್ಲಿ ಬಹುಪಾಲು ತಯಾರಾಗುತ್ತಿದ್ದದ್ದು ವುಲ್ವರ್‌ಹ್ಯಾಂಪ್ಟನ್ ಮತ್ತು ಅದರ ಪಕ್ಕದ ವಿಲೆನ್‌ಹಾಲ್‌ನಲ್ಲಿ, ಹಿತ್ತಿಲ ಕೊಟ್ಟಿಗೆಗಳಲ್ಲಿ, ಅರ ಹಿಡಿದು ಉಜ್ಜುವ ಕೈಗಳಿಂದ. ಎಳೆಯ ವಯಸ್ಸಿನಿಂದ ಬಗ್ಗಿ ಅರ ಹಾಕಿ ಹಾಕಿ ಅಲ್ಲಿನವರಿಗೆ ಗೂನು ಬರುತ್ತಿತ್ತು. ಸುತ್ತಲಿನವರು ಊರಿಗೆ ‘ಹಂಪ್‌ಶೈರ್’ ಎಂದೇ ಅಡ್ಡಹೆಸರಿಟ್ಟಿದ್ದರು. ಗೂನೂರು ಅನ್ನಬಹುದು.

ಅಮೆರಿಕದಲ್ಲಿ ಯೇಲ್ 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದ ಬೀಗದಲ್ಲಿ ಲೀವರೇ ಇರಲಿಲ್ಲ. ಸಾಲಾಗಿ ನಿಂತ ಪುಟ್ಟ ಪಿನ್ನುಗಳು, ಅವನ್ನೆತ್ತಲು ಗರಗಸದಂಥ ಅಂಚಿನ ಚಪ್ಪಟೆ ಕೀಲಿ. ತತ್ವ ಹಳೆಯದು, ಈಜಿಪ್ಟಿನ ಮರದ ಬೀಗಗಳಲ್ಲಿ ಇದ್ದದ್ದೇ. ಆದರೆ ಇದನ್ನು ಯಂತ್ರದಲ್ಲಿ ಸಾವಿರಗಟ್ಟಲೆ ತೆಗೆಯಬಹುದಿತ್ತು, ಕೀಲಿ ಜೇಬಿನಲ್ಲಿ ಹಿಡಿಸುತ್ತಿತ್ತು. ಹೆನ್ರಿ ಟೌನ್ ಜೊತೆ ಸೇರಿ 1868ರಲ್ಲಿ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಕಾರ್ಖಾನೆ ಶುರುಮಾಡಿದ ಯೇಲ್, ಅದೇ ವರ್ಷದ ಕ್ರಿಸ್‌ಮಸ್ ದಿನ ತೀರಿಕೊಂಡ. ಇವತ್ತು ನಮ್ಮ ಮುಂಬಾಗಿಲಿನ ಕೀಲಿ ಚಪ್ಪಟೆಯಾಗಿದ್ದು ಅಂಚು ಏರಿಳಿದಿದ್ದರೆ ಅದು ಅವನದೇ ವಂಶ.

ವಿಲೆನ್‌ಹಾಲ್‌ನ ಅರ ಮಾತ್ರ ಸುಮ್ಮನಾಗಲಿಲ್ಲ, ಊರು ಬದಲಾಯಿಸಿತು. 1870ರಲ್ಲಿ ಜಾನ್ಸನ್ ಆ್ಯಂಡ್ ಕಂಪನಿ ಅಲಿಗಢದಲ್ಲಿ ಇಂಗ್ಲೆಂಡಿನ ಬೀಗ ತಂದು ಮಾರಲು ಶುರುಮಾಡಿತು. 1890ರ ಹೊತ್ತಿಗೆ ಅಲ್ಲೇ ತಯಾರಿಸತೊಡಗಿತು. ಅಲ್ಲಿ ಕೆಲಸ ಕಲಿತವರು ಹೊರಬಂದು ಗಲ್ಲಿಗಲ್ಲಿಯಲ್ಲಿ ಕುಲುಮೆ ಹಾಕಿದರು. ಇಂದಿಗೂ ಅಲಿಗಢದ ಒಂದು ಬೀಗ ಪೂರ್ತಿಯಾಗಿ ಒಂದೇ ಸೂರಿನಡಿ ತಯಾರಾಗುವುದು ಅಪರೂಪ. ಒಂದು ಮನೆಯಲ್ಲಿ ಎರಕ, ಇನ್ನೊಂದರಲ್ಲಿ ಕೀಲಿಗೆ ಅರ, ಮುಂದಿನ ಗಲ್ಲಿಯಲ್ಲಿ ಪಾಲಿಶ್, ಅದರಾಚೆ ಆ್ಯಸಿಡ್ ತೊಟ್ಟಿಯ ಪಕ್ಕ ಪ್ಲೇಟಿಂಗ್. ಕೆಲಸದ ಲೆಕ್ಕಕ್ಕೆ ಕೂಲಿ. ಪಾಲಿಶ್ ಧೂಳನ್ನೂ ಆ್ಯಸಿಡ್ ಹಬೆಯನ್ನೂ ಉಸಿರಾಡುತ್ತ ಬಹಳ ವರ್ಷ ಮಕ್ಕಳೂ ದುಡಿದರು. ವಿಲೆನ್‌ಹಾಲ್‌ನ ಗೂನು ಇಲ್ಲಿ ಕೆಮ್ಮಾಯಿತು, ಅಷ್ಟೇ.

ಬೊಂಬಾಯಿಯಲ್ಲಿ ಇದಕ್ಕೆ ತದ್ವಿರುದ್ಧ. ವಕೀಲಿ ಬಿಟ್ಟು ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡಲು ಹೋದ ಅರ್ದೇಶಿರ್ ಗೋದ್ರೆಜ್, ಅವುಗಳ ಮೇಲೆ ಭಾರತದಲ್ಲಿ ತಯಾರಾದದ್ದು ಎಂದು ಮುದ್ರೆ ಒತ್ತಲು ಬ್ರಿಟಿಷ್ ಗಿರಾಕಿ ಒಪ್ಪದಿದ್ದಾಗ ಆ ವ್ಯವಹಾರವನ್ನೇ ಬಿಟ್ಟ. 1897ರಲ್ಲಿ ಲಾಲ್‌ಬಾಗ್‌ನಲ್ಲಿ ಬೀಗಕ್ಕೆ ಕೈಹಾಕಿದ. ಅವನ ಹಟವಿದ್ದದ್ದು ಹೆಸರಿಗಾಗಿ, ಹೆಸರು ಉಳಿಯಿತು. ದಕ್ಷಿಣದಲ್ಲಿ ದಿಂಡಿಗಲ್. ನಮ್ಮವರಿಗೆ ಅದು 1755ರಲ್ಲಿ ಹೈದರಾಲಿ ಫೌಜುದಾರನಾಗಿ ಹೋದ ಕೋಟೆಯ ಊರು. ಕೈಯಲ್ಲೇ ಮಾಡುವ ಅಲ್ಲಿನ ಮಾವಿನಕಾಯಿ ಆಕಾರದ ಬೀಗಕ್ಕೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಷ್ಟು ಹೊತ್ತಿಗೆ ಮಾಡುವ ಕೈಗಳೇ ಬೆರಳೆಣಿಕೆಗೆ ಬಂದಿದ್ದವು.

ಯಾಕೆಂದರೆ ಅರ ಮತ್ತೆ ಊರು ಬಿಟ್ಟಿತ್ತು. 1980ರ ದಶಕದಿಂದ ಚೀನಾದ ಝೆಜಿಯಾಂಗ್ ಪ್ರಾಂತ್ಯದ ವೆಂಝೌ ಮತ್ತು ಪುಜಿಯಾಂಗ್‌ನ ಮನೆಗೈಗಾರಿಕೆಗಳು ಬೀಗಕ್ಕಿಳಿದವು. ಅಚ್ಚಿಗೆ ಹೊಯ್ದ ಸತು ಮಿಶ್ರಲೋಹ, ಪಕ್ಕದ ಬೀದಿಯಲ್ಲೇ ಸ್ಪ್ರಿಂಗು, ಪಿನ್ನು, ಪ್ಯಾಕಿಂಗ್ ಡಬ್ಬಿ. 2001ರ ಏಪ್ರಿಲ್ 1ರಂದು ಭಾರತ ಆಮದಿನ ಮೇಲಿನ ಪ್ರಮಾಣ ಮಿತಿಗಳನ್ನು ತೆಗೆಯಿತು, ಆ ಡಿಸೆಂಬರಿನಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆ ಸೇರಿತು. ಅಲಿಗಢಕ್ಕೆ ಬಿದ್ದ ಪೆಟ್ಟು ದಿಂಡಿಗಲ್‌ಗೂ ಬಿತ್ತು. ಇವತ್ತು ಬೀಗ ರಫ್ತಿನಲ್ಲಿ ಚೀನಾವೇ ಮೊದಲು. ವೆಲ್ಬರ್ಟ್ ಎಂಬ ಬೀಗದೂರನ್ನೇ ಇಟ್ಟುಕೊಂಡಿರುವ ಜರ್ಮನಿ, ಕಾರಿನ ಬೀಗ ಮತ್ತು ದುಬಾರಿ ಸಿಲಿಂಡರ್ ಬೀಗಗಳಿಂದ ತನ್ನ ಜಾಗ ಕಾಪಾಡಿಕೊಂಡಿದೆ.

ಮಾಡುವ ಊರು ಹೀಗೆ ಬದಲಾಗುತ್ತಿದ್ದರೆ ಹೆಸರಿನ ಒಡೆಯರು ಬೇರೆಯೇ ಆಟದಲ್ಲಿದ್ದರು. ಕನ್ನಡದಲ್ಲಿ ಬೀಗ ಬಾಗಿಲಿಗೂ ಉಂಟು, ಮದುವೆಗೂ ಉಂಟು. ಈ ಉದ್ಯಮದಲ್ಲಿ ಎರಡೂ ಕೂಡಿಬಂದಿವೆ. 1994ರಲ್ಲಿ ಸ್ವೀಡನ್ನಿನ ಆಸ್ಸಾ ಫಿನ್‌ಲೆಂಡಿನ ಆಬ್ಲಾಯ್ ಜೊತೆ ಬೀಗತನ ಬೆಳೆಸಿತು. ಆ ಕೂಡುಕುಟುಂಬ 2000ದಲ್ಲಿ ಯೇಲ್ ಹೆಸರನ್ನೂ ಮನೆತುಂಬಿಸಿಕೊಂಡಿತು. ಇವತ್ತು ಸ್ಟಾಕ್‌ಹೋಮ್‌ನ ಆಸ್ಸಾ ಆಬ್ಲಾಯ್ ಜಗತ್ತಿನ ಅತಿ ದೊಡ್ಡ ಬೀಗದ ಕಂಪನಿ. ಅಮೆರಿಕದ ಇನ್ನೊಂದು ದೊಡ್ಡ ಬೀಗ ವ್ಯವಹಾರ ಕೊಳ್ಳಲು ಹೊರಟಾಗ 2022ರಲ್ಲಿ ಅಲ್ಲಿನ ಸರ್ಕಾರ ಕೋರ್ಟಿಗೆ ಹೋಯಿತು. 2023ರ ರಾಜಿಯಲ್ಲಿ ಯೇಲ್‌ನ ಅಮೆರಿಕ, ಕೆನಡಾದ ಮನೆಬೀಗ ವ್ಯವಹಾರವನ್ನು ಫಾರ್ಚೂನ್ ಬ್ರ್ಯಾಂಡ್ಸ್‌ಗೆ ಬಿಟ್ಟುಕೊಡಬೇಕಾಯಿತು. ಒಂದೇ ಹೆಸರು, ಈಗ ಎರಡು ಮನೆ.

ಅದೇ ಫಾರ್ಚೂನ್ ಬ್ರ್ಯಾಂಡ್ಸ್ ಕೈಯಲ್ಲೇ ಮಾಸ್ಟರ್ ಲಾಕ್ ಕೂಡ ಇದೆ. ಮಿಲ್ವಾಕಿಯಲ್ಲಿ 1921ರಲ್ಲಿ ಹುಟ್ಟಿದ ಕಂಪನಿ. ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ ರಿವೆಟ್ ಹೊಡೆದ ದಪ್ಪ ಬೀಗ ಅದರದೇ. ಪಾನನಿಷೇಧದ ಕಾಲದಲ್ಲಿ, 1928ರಲ್ಲಿ, ನ್ಯೂಯಾರ್ಕಿನ ಹೆಂಡದಂಗಡಿಗಳಿಗೆ ಜಡಿಯಲೆಂದು ಒಂದೇ ಸಲಕ್ಕೆ 1,47,600 ಬೀಗ ಕಳಿಸಿತ್ತು. ಚೀನಾಕ್ಕೆ ಹೋಗಿದ್ದ ಕೆಲಸಗಳನ್ನು ವಾಪಸು ತಂದಿದೆಯೆಂದು 2012ರ ಫೆಬ್ರುವರಿಯಲ್ಲಿ ಅಧ್ಯಕ್ಷ ಒಬಾಮ ಆ ಕಾರ್ಖಾನೆಗೇ ಹೋಗಿ ಹೊಗಳಿ ಬಂದಿದ್ದರು. 2024ರಲ್ಲಿ ಆ ಕಾರ್ಖಾನೆಗೇ ಬೀಗ ಬಿತ್ತು.