ಟರ್ಮಿನಲ್‌ನಲ್ಲಿ ಹಾಡುಗಳ ಪಟ್ಟಿ ಸೊಟ್ಟಗಾಗುವುದೇಕೆ?

ಪ್ರಶ್ನೆ: ನಾನು ಕೇಳಿದ ಹಾಡುಗಳ ಲೆಕ್ಕವನ್ನು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ, ಬರೀ ಅಕ್ಷರಗಳ ಪರದೆಯಲ್ಲಿ) ತೋರಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಇಂಗ್ಲಿಷ್ ಹೆಸರುಗಳಿದ್ದರೆ ಪಟ್ಟಿ ನೆಟ್ಟಗಿರುತ್ತದೆ. ಕನ್ನಡ ಅಥವಾ ಜಪಾನಿ ಹೆಸರು ಬಂದ ಸಾಲಿನಲ್ಲಿ ಮಾತ್ರ ಅಂಕಿಗಳು ಅತ್ತಿತ್ತ ಸರಿಯುತ್ತವೆ. ಏನು ಮಾಡಲಿ?

ಉತ್ತರ: ‘ಸ್ತ್ರೀ’ ಎಂಬ ಪದವನ್ನೇ ನೋಡಿ. ಕಣ್ಣಿಗೆ ಒಂದೇ ಅಕ್ಷರ. ಎಲ್ಲ ಭಾಷೆಗಳ ಲಿಪಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸಾಲು: ಸ, ಹಲಂತ, ತ, ಮತ್ತೊಂದು ಹಲಂತ, ರ, ಕೊನೆಗೆ ಈಕಾರದ ಚಿಹ್ನೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಉಳಿಸಿದರೆ 18 ಬೈಟ್. ಪೈಥಾನ್ ಎಣಿಸುವುದು ಸಂಕೇತಗಳನ್ನು. ಹೆಸರಿಗೆ 20 ಕೋಶಗಳ (ಒಂದು ಇಂಗ್ಲಿಷ್ ಅಕ್ಷರ ಹಿಡಿಯುವ ಅಗಲವೇ ಒಂದು ಕೋಶ) ಜಾಗ ಕೊಡು ಎಂದರೆ ಅದು ಆರನ್ನು ಕಳೆದು 14 ಖಾಲಿ ಜಾಗ ತುಂಬುತ್ತದೆ. ಪರದೆಯ ಮೇಲೆ ಪದ ಅಷ್ಟು ಅಗಲವಿಲ್ಲದಿದ್ದರೆ ಅಂಕಿಗಳು ಎಡಕ್ಕೆ ಜಾರುತ್ತವೆ. ಜಪಾನಿ ಅಕ್ಷರದ ಕಥೆ ಇದಕ್ಕೆ ತಿರುವುಮುರುವು: ಎಣಿಕೆಯಲ್ಲಿ ಒಂದು, ಟರ್ಮಿನಲ್‌ನಲ್ಲಿ ಎರಡು ಕೋಶ. ಅಲ್ಲಿ ಅಂಕಿಗಳು ಬಲಕ್ಕೆ ಹೋಗುತ್ತವೆ.

ತೋರುವ ಅಗಲವನ್ನು ಅಳೆಯಲು ‘ಡಬ್ಲ್ಯುಸಿವಿಡ್ತ್’ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇದೆ. ಜಪಾನಿ, ಚೀನಿ ಹೆಸರುಗಳ ಮಟ್ಟಿಗೆ ಅದು ಸಾಕು. ಕನ್ನಡಕ್ಕೆ ಬಂದಾಗ ಒತ್ತಕ್ಷರಕ್ಕೆ ಎಷ್ಟು ಜಾಗ ಎನ್ನುವುದರಲ್ಲಿ ಟರ್ಮಿನಲ್‌ಗಳಲ್ಲೇ ಒಮ್ಮತವಿಲ್ಲ. ಒಂದರಲ್ಲಿ ನೆಟ್ಟಗೆ ಕಂಡ ಪಟ್ಟಿ ಇನ್ನೊಂದರಲ್ಲಿ ಸೊಟ್ಟ. ಈ ಜಗಳ ಬಿಡಿಸಲು ಹೋಗಿ ನಾನು ಹಲವು ಸಂಜೆಗಳನ್ನು ಕಳೆದುಕೊಂಡಿದ್ದೇನೆ. ಆಮೇಲೆ ಹೊಳೆದ ಉಪಾಯಕ್ಕೆ ಲೈಬ್ರರಿಯೇ ಬೇಡ: ಹೆಸರನ್ನು ಸಾಲಿನ ಕೊನೆಗೆ ಹಾಕಿ. ಮೊದಲು ಎಷ್ಟು ಸಲ ಕೇಳಿದ್ದು, ಆಮೇಲೆ ಒಟ್ಟು ಗಂಟೆ:ನಿಮಿಷ, ಕೊನೆಗೆ ಹೆಸರು:

412   27:28   ಬೀಥೋವನ್
 87    5:48   ಮೈಲ್ಸ್ ಡೇವಿಸ್

ಅಂಕಿಗಳ ಅಗಲದಲ್ಲಿ ತಕರಾರಿಲ್ಲ. ಅವನ್ನು ಬಲಕ್ಕೆ ಹೊಂದಿಸಿ, ಬಿಡಿ ಸ್ಥಾನದ ಕೆಳಗೆ ಬಿಡಿ ಸ್ಥಾನವೇ ಬರಲಿ. ಹೆಸರಿನ ನಂತರ ಏನೂ ಇಲ್ಲವಾದ್ದರಿಂದ ಅದು ಎಷ್ಟೇ ಉದ್ದವಿದ್ದರೂ ಯಾರನ್ನೂ ತಳ್ಳುವುದಿಲ್ಲ. ಉದ್ದದ ಹೆಸರನ್ನು ಕತ್ತರಿಸಲೇಬೇಕಾದರೆ ಸಂಕೇತ ಎಣಿಸಿ ಕತ್ತರಿಸಬೇಡಿ. ‘ಸ್ತ್ರೀ’ ನಡುವೆ ತುಂಡಾಗಿ ‘ಸ್’ ಮಾತ್ರ ಉಳಿದೀತು. ಪೂರ್ಣ ಅಕ್ಷರದ ಗಡಿಯಲ್ಲೇ ನಿಲ್ಲಿಸಿ.

ಬಣ್ಣ ಹಚ್ಚುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಕೆಂಪು ಬಣ್ಣ ಶುರುಮಾಡುವ ಆದೇಶಕ್ಕೆ ಐದು, ನಿಲ್ಲಿಸುವುದಕ್ಕೆ ನಾಲ್ಕು, ಒಟ್ಟು ಒಂಬತ್ತು ಅಕ್ಷರಗಳು ಪರದೆಯಲ್ಲಿ ಕಾಣದಿದ್ದರೂ ಎಣಿಕೆಗೆ ಸೇರಿಬಿಡುತ್ತವೆ. ಮೊದಲು ಖಾಲಿ ಜಾಗ ತುಂಬಿ, ಬಣ್ಣ ಆಮೇಲೆ.

ಸಮಯವನ್ನು ಸೆಕೆಂಡುಗಳಲ್ಲಿ ತೋರಿಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. 12540 ಎಂದರೆ ಯಾರಿಗೂ ಏನೂ ಹೊಳೆಯದು. 3 ಗಂಟೆ 29 ನಿಮಿಷ ಎಂದರೆ ಯಾರಿಗಾದರೂ ತಿಳಿಯುತ್ತದೆ.

ಇಷ್ಟೆಲ್ಲ ಅಲಂಕಾರ ಮನುಷ್ಯರಿಗೆ ಮಾತ್ರ. ಔಟ್‌ಪುಟ್ ಫೈಲಿಗೋ ಇನ್ನೊಂದು ಪ್ರೋಗ್ರಾಂಗೋ ಹೋಗುತ್ತಿದ್ದರೆ ಬಣ್ಣ ಬೇಡ, ಹೊಂದಿಸಿದ ಕಾಲಮ್ ಬೇಡ. ನಡುವೆ ಟ್ಯಾಬ್ ಇಟ್ಟ ಸಾಲುಗಳು ಸಾಕು. ಅಲ್ಲಿ ಸಮಯವೂ ಬರೀ ಸೆಕೆಂಡುಗಳಲ್ಲೇ ಇರಲಿ, ಕೂಡುವುದು ಸುಲಭ. ಎದುರಿಗೆ ಟರ್ಮಿನಲ್ ಇದೆಯೋ ಇಲ್ಲವೋ ಎಂಬುದನ್ನು ಪೈಥಾನ್‌ನ ‘ಇಸ್‌ಎಟಿಟಿವೈ’ ಒಂದೇ ಕರೆಯಲ್ಲಿ ಹೇಳುತ್ತದೆ.