ಸಂಜೆ ಕೂಡಿದ ಕೈ ಬೆಳಿಗ್ಗೆ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾಲ್ಕು ತಿಂಗಳಿಂದ ಶಟಲ್ ಆಡುತ್ತಿದ್ದೇನೆ. ದಿನಾ ಸಂಜೆ ಐವತ್ತು ಶಾರ್ಟ್ ಸರ್ವಿಸ್ ಹೊಡೆದು ಅಭ್ಯಾಸ ಮಾಡುತ್ತೇನೆ. ಕೊನೆಕೊನೆಗೆ ಹತ್ತರಲ್ಲಿ ಎಂಟು ನೆಟ್ ಸವರಿಕೊಂಡಂತೆ ಹೋಗಿ ಸರಿಯಾದ ಜಾಗಕ್ಕೆ ಬೀಳುತ್ತವೆ. ಮರುದಿನ ಬೆಳಿಗ್ಗೆ ಡಬಲ್ಸ್ ಆಡಲು ನಿಂತರೆ ಮೊದಲನೆಯದು ನೆಟ್‌ಗೆ, ಎರಡನೆಯದು ಎದುರಿನವರ ಎದೆಮಟ್ಟಕ್ಕೆ. ಮಾಡಿದ ಅಭ್ಯಾಸವೆಲ್ಲ ಎಲ್ಲಿ ಹೋಗುತ್ತದೆ? ನನ್ನ ಕೈಗೆ ಇದು ಒಗ್ಗುವುದೇ ಇಲ್ಲವೇ?

ಉತ್ತರ: ಖಂಡಿತ ಒಗ್ಗುತ್ತದೆ. ನಿಮ್ಮ ಕೈಯಲ್ಲಿ ಏನೂ ಕೊರತೆಯಿಲ್ಲ. ಐವತ್ತನ್ನೂ ಒಂದರ ಹಿಂದೊಂದು ಒಂದೇ ಥರ ಹೊಡೆಯುತ್ತೀರಲ್ಲ, ತೊಡಕು ಅಲ್ಲಿದೆ. ಸಂಜೆಯ ‘ಹತ್ತಕ್ಕೆ ಎಂಟು’ ಆ ಗಳಿಗೆಗೆ ಕೈ ಎಷ್ಟು ಹದಕ್ಕೆ ಬಂದಿತ್ತು ಎಂಬುದನ್ನಷ್ಟೇ ತೋರಿಸುತ್ತದೆ. ಎಷ್ಟು ಕಲಿತಿರಿ ಎಂದು ತಿಳಿಯಬೇಕಾದರೆ ಮರುದಿನದ ಮೊದಲ ಹತ್ತು ಸರ್ವಿಸ್ ಎಣಿಸಬೇಕು. ಇವೆರಡೂ ಬೇರೆ ಬೇರೆ ಎಂದು ಗೊತ್ತಿಲ್ಲದೆ ಎಷ್ಟೋ ಜನ ತಮ್ಮ ಮೇಲೇ ನಂಬಿಕೆ ಕಳೆದುಕೊಂಡು ಆಟ ಬಿಡುತ್ತಾರೆ. ಹಾಗಾಗಬಾರದು.

ಒಂದು ಶಾರ್ಟ್ ಸರ್ವಿಸ್‌ನಲ್ಲಿ ಏನೇನು ಅಡಗಿದೆ ನೋಡಿ. ನೆಟ್ ನಡುವಿನಲ್ಲಿ 1.524 ಮೀಟರ್ ಎತ್ತರ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2018ರಿಂದ ಬಂದಿರುವ ನಿಯಮದಂತೆ, ಬ್ಯಾಟ್ ತಾಗುವ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಅಂದರೆ ಅದು 37 ಸೆಂಟಿಮೀಟರ್‌ಗಿಂತ ಹೆಚ್ಚು ಮೇಲೇರಿ, ನೆಟ್ ತಲುಪುವ ಮೊದಲೇ ತನ್ನ ಎತ್ತರ ಮುಗಿಸಿ, ಇಳಿಯುತ್ತಾ ದಾಟಬೇಕು. ಸರ್ವಿಸ್ ಗೆರೆ ನೆಟ್‌ನಿಂದ 1.98 ಮೀಟರ್, ಆಚೆಗೂ ಅಷ್ಟೇ. ಗೆರೆಗೆ ಅಂಟಿಕೊಂಡಂತೆ ನಿಂತರೆ ನೀವು ಮಾಡುವ ಕೆಲಸ ಇಷ್ಟೇ: 5 ಗ್ರಾಂ ಆಸುಪಾಸಿನ ಗರಿಯ ವಸ್ತುವೊಂದನ್ನು ಸುಮಾರು 4 ಮೀಟರ್ ದೂರಕ್ಕೆ ತಳ್ಳುವುದು. ಇದಕ್ಕೆ ಬೇಕಾದ ಬಲ ಬಹಳ ಕಡಿಮೆ. ಬಲ ಕಡಿಮೆ ಇರುವುದರಿಂದಲೇ ಕಷ್ಟ, ಯಾಕೆಂದರೆ ಬೆರಳಿನ ಬಿಗಿ ಒಂದಿಷ್ಟು ಹೆಚ್ಚು ಕಡಿಮೆಯಾದರೂ ಶಟಲ್‌ನ ದಾರಿ ಬದಲಾಗುತ್ತದೆ.

ಸಂಜೆ ನೀವು ಮಾಡಿದ್ದು ಹೀಗೆ. ಮೊದಲನೆಯದು ನೆಟ್‌ಗೆ ಬಿತ್ತು, ಎರಡನೆಯದನ್ನು ತುಸು ಜೋರಾಗಿ ತಳ್ಳಿದಿರಿ. ಮೇಲೆ ಹೋಯಿತು, ತಗ್ಗಿಸಿದಿರಿ. ಏಳೆಂಟು ಸರ್ವಿಸ್ ಆಗುವಷ್ಟರಲ್ಲಿ ಅಳತೆ ಸಿಕ್ಕಿತು. ಅಲ್ಲಿಂದ ಐವತ್ತರವರೆಗೂ ಆ ಅಳತೆಯ ನಕಲು ತೆಗೆಯುತ್ತಾ ಹೋದಿರಿ. ಆಟದಲ್ಲಿ ನಕಲು ತೆಗೆಯಲು ಹಿಂದಿನದೊಂದು ಇರುವುದಿಲ್ಲ. ಓಡಾಡಿ ರ‍್ಯಾಲಿ ಮುಗಿಸಿ, ಏದುಸಿರಿನಲ್ಲಿ ಬಂದು ನಿಂತು, ಒಂದೇ ಒಂದು ಸರ್ವಿಸ್ ಮಾಡಬೇಕು. ಅಳತೆಯನ್ನು ಸೊನ್ನೆಯಿಂದ ಹುಡುಕಿ ತೆಗೆಯುವ ಆ ಕೆಲಸವನ್ನು ನೀವು ಇಡೀ ಸಂಜೆಯಲ್ಲಿ ಒಂದೇ ಸಲ ಮಾಡಿದ್ದೀರಿ.

ಇದು ಬರೀ ಊಹೆಯ ಮಾತಲ್ಲ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಅಮೆರಿಕದ ಸಂಶೋಧಕರು ಕೈಚಲನೆಯ ಮೂರು ಬಗೆಯ ಕೆಲಸಗಳನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಒಂದೊಂದನ್ನೇ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಯಿತು, ಇನ್ನೊಂದು ಮೂರನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ಹತ್ತು ದಿನ ಬಿಟ್ಟು ನೋಡಿದಾಗ ಕಲಸಿ ಮಾಡಿದವರ ಕೈ ಮೇಲಾಗಿತ್ತು. 1986ರಲ್ಲಿ ಗೂಡ್ ಮತ್ತು ಮ್ಯಾಗಿಲ್ ಇದನ್ನೇ ಬ್ಯಾಡ್ಮಿಂಟನ್ ಸರ್ವಿಸ್‌ನಲ್ಲಿ ಪರೀಕ್ಷಿಸಿದರು: ಶಾರ್ಟ್, ಲಾಂಗ್, ಡ್ರೈವ್ (ಮೇಲೇರದೆ ನೇರವಾಗಿ, ವೇಗವಾಗಿ ಹೋಗುವುದು) ಎಂಬ ಮೂರು ಸರ್ವಿಸ್, ವಾರಕ್ಕೆ ಮೂರು ದಿನದಂತೆ ಮೂರು ವಾರ, ದಿನಕ್ಕೆ 36, ಒಟ್ಟು 324. ಅಭ್ಯಾಸವೆಲ್ಲ ಬಲಗಡೆಯ ಕೋರ್ಟಿನಿಂದ. ಆಮೇಲೆ ನಡೆದ ಪರೀಕ್ಷೆಯಲ್ಲಿ ಗೊತ್ತುಗುರಿಯಿಲ್ಲದ ಕ್ರಮದಲ್ಲಿ ಕಲಸಿ ಹೊಡೆದವರೇ ಮುಂದಿದ್ದರು. ಒಮ್ಮೆಯೂ ಅಭ್ಯಾಸ ಮಾಡದ ಎಡಗಡೆಯ ಕೋರ್ಟಿನಿಂದ ಹೊಡೆಸಿದಾಗಲೂ ಅವರದೇ ಮೇಲುಗೈ. ಹೊಡೆದ ಸರ್ವಿಸ್‌ಗಳ ಸಂಖ್ಯೆ ಎಲ್ಲ ಗುಂಪುಗಳದೂ ಒಂದೇ, ಬದಲಾದದ್ದು ಕ್ರಮ ಮಾತ್ರ ಎಂಬುದನ್ನು ಗಮನಿಸಿ.

ಈ 36 ನಿಮಗೂ ಸಾಕು. ಗರಿ ಶಟಲ್‌ನ ಒಂದು ಡಬ್ಬಿಯಲ್ಲಿ 12 ಬರುತ್ತವೆ, ಅವನ್ನೇ ಮೂರು ಸುತ್ತು ಹೊಡೆದರೆ 36. ಆಡಿ ಸವೆದ ಶಟಲ್ ಆಗಬಹುದು, ಆದರೆ ಹನ್ನೆರಡೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿರಲಿ. ಗರಿ ಮುರಿದದ್ದು ಗಾಳಿಯಲ್ಲಿ ತೂರಾಡುತ್ತದೆ. ತಪ್ಪು ಕೈಯದೋ ಶಟಲ್‌ನದೋ ಗೊತ್ತಾಗದಿದ್ದರೆ ಕೈ ತಪ್ಪು ಪಾಠ ಕಲಿಯುತ್ತದೆ. ನೈಲಾನ್ ಶಟಲ್‌ನ ಹಾರಾಟವೇ ಬೇರೆ, ಆದ್ದರಿಂದ ಆಟದಲ್ಲಿ ಯಾವುದು ಬಳಸುತ್ತೀರೋ ಅಭ್ಯಾಸಕ್ಕೂ ಅದೇ ಇರಲಿ. ಹನ್ನೆರಡು ಚೀಟಿ ಮಾಡಿಕೊಳ್ಳಿ: ಆರರ ಮೇಲೆ ‘ಶಾರ್ಟ್’, ಮೂರರ ಮೇಲೆ ‘ಫ್ಲಿಕ್’ (ಶಾರ್ಟ್‌ನಂತೆ ತೋರಿಸಿ ಕೊನೆಗೆ ಎದುರಿನವರ ತಲೆ ಮೇಲಿಂದ ಹಿಂದಕ್ಕೆ ಎತ್ತುವುದು), ಮೂರರ ಮೇಲೆ ‘ಡ್ರೈವ್’. ಕಲಸಿ ಜೇಬಿಗೆ ಹಾಕಿಕೊಂಡು ಒಂದೊಂದಾಗಿ ತೆಗೆದು, ಬಂದದ್ದನ್ನು ಹೊಡೆಯಿರಿ. ಒಂದು ಸುತ್ತು ಬಲಗಡೆಯಿಂದ, ಒಂದು ಎಡಗಡೆಯಿಂದ, ಮೂರನೆಯದು ಮತ್ತೆ ಅದಲು ಬದಲು ಮಾಡುತ್ತಾ. ಆಚೆ ಕಡೆ ಸರ್ವಿಸ್ ಗೆರೆಯ ಹಿಂದೆ ಸೀಮೆಸುಣ್ಣದಲ್ಲಿ ಎರಡು ಗೇಣು ಅಗಲದ ಚೌಕ ಬರೆಯಿರಿ. ಅನುಕೂಲವಿದ್ದರೆ ನೆಟ್‌ನ ಮೇಲೆ ಒಂದು ಗೇಣು ಎತ್ತರಕ್ಕೆ ದಾರ ಕಟ್ಟಿ, ಶಾರ್ಟ್ ಸರ್ವಿಸ್ ದಾರಕ್ಕೂ ನೆಟ್‌ಗೂ ನಡುವೆ ನುಸುಳಲಿ. ಶಟಲ್ ಹೆಕ್ಕಿಕೊಂಡು ಬರುವುದೂ ಸೇರಿ ಕಾಲು ಗಂಟೆಯ ಕೆಲಸ.

ಡಬಲ್ಸ್ ಆಡುವವರಿಗೆ ಈ ಚೀಟಿಯಿಂದ ಇನ್ನೊಂದು ದೊಡ್ಡ ಲಾಭವಿದೆ. ಶಾರ್ಟ್‌ಗೂ ಫ್ಲಿಕ್‌ಗೂ ಆರಂಭ ಒಂದೇ ಇರಬೇಕು, ಕೊನೆಯ ಗಳಿಗೆಯಲ್ಲಿ ಮಾತ್ರ ಬೆರಳು ಬಿಗಿಯಾಗಬೇಕು. ಎರಡನ್ನೂ ಬೇರೆ ಬೇರೆ ಕೂತು ಕಲಿತವರ ಭುಜ ಫ್ಲಿಕ್‌ಗೆ ಮುಂಚೆಯೇ ಗುಟ್ಟು ಬಿಟ್ಟುಕೊಡುತ್ತದೆ.

ಒಂದು ಎಚ್ಚರಿಕೆ: ಮೊದಲ ವಾರ ನಿಮ್ಮ ಲೆಕ್ಕ ಕೆಡುತ್ತದೆ. ಹತ್ತಕ್ಕೆ ಎಂಟು ಇದ್ದದ್ದು ನಾಲ್ಕಕ್ಕೋ ಐದಕ್ಕೋ ಇಳಿದೀತು. ಇಲ್ಲಿಯೇ ಜನ ಹೆದರಿ ಹಳೆಯ ಪದ್ಧತಿಗೆ ಹಿಂದಿರುಗುವುದು. ಸಂಜೆಯ ಲೆಕ್ಕ ಬರೆಯುವುದನ್ನೇ ಬಿಡಿ. ಬೆಳಿಗ್ಗೆ ಕೋರ್ಟಿಗೆ ಬಂದ ಕೂಡಲೇ, ಬೇರೆ ಸರ್ವಿಸ್ ಏನೂ ಹೊಡೆಯದೆ, ಮೊದಲ ಹತ್ತನ್ನು ಹೊಡೆದು ಎಷ್ಟು ಸರಿ ಎಂದು ತಾರೀಖಿನ ಮುಂದೆ ಬರೆದಿಡಿ. ಮೂರು ವಾರದ ಈ ಸಾಲನ್ನು ಮಾತ್ರ ನಂಬಿ.

ಹಾಗಾದರೆ ಒಂದೇ ಸಮನೆ ಹೊಡೆಯುವುದು ವ್ಯರ್ಥವೇ? ಅಲ್ಲ. ಬ್ಯಾಟ್ ಹಿಡಿದು ಎರಡು ದಿನವಾದವರಿಗೆ, ಚಿಕ್ಕ ಮಕ್ಕಳಿಗೆ ಕಲಸುವುದು ಹೆಚ್ಚು ಫಲ ಕೊಡದು. ಮೊದಲು ಚಲನೆಗೆ ಒಂದು ರೂಪ ಬರಬೇಕು. ಹತ್ತಕ್ಕೆ ನಾಲ್ಕಾದರೂ ನೆಟ್ ದಾಟುವವರೆಗೆ ಒಂದನ್ನೇ ಹಿಡಿದುಕೊಳ್ಳಿ, ಆಮೇಲೆ ಕಲಸಿ. ನೀವು ನಾಲ್ಕು ತಿಂಗಳು ಆಡಿದವರು, ಇವತ್ತೇ ಶುರು ಮಾಡಬಹುದು.

ಆದರೆ ರೂಪ ತಪ್ಪಿದ್ದರೆ ಚೀಟಿ ಕಾಪಾಡುವುದಿಲ್ಲ. ‘ಹಾಡ್ತಾ ಹಾಡ್ತಾ ರಾಗ, ಉಗುಳ್ತಾ ಉಗುಳ್ತಾ ರೋಗ’ ಎನ್ನುವುದು ಇಲ್ಲಿ ಅಕ್ಷರಶಃ ನಿಜ: ಸರಿಯಾದದ್ದೂ ತಪ್ಪಾದದ್ದೂ ಒಂದೇ ದಾರಿಯಲ್ಲಿ ರೂಢಿಯಾಗುತ್ತವೆ. ಬ್ಯಾಕ್‌ಹ್ಯಾಂಡ್ ಸರ್ವಿಸ್‌ನಲ್ಲಿ ಹೆಬ್ಬೆರಳು ಹಿಡಿಕೆಯ ಅಗಲವಾದ ಮುಖದ ಮೇಲಿರಬೇಕು, ಕೈ ಹಿಡಿಕೆಯ ಮೇಲ್ತುದಿಗೆ ಸರಿದಿರಬೇಕು. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳು ಶಟಲ್‌ನ ಗರಿಯ ಅಂಚನ್ನು ಹಿಡಿದಿರುತ್ತವೆ, ಬ್ಯಾಟ್ ಮೊದಲು ತಾಗಬೇಕಾದದ್ದು ಕಾರ್ಕಿಗೆ. ಕೆಡುವುದು ಹೆಚ್ಚಾಗಿ ಮೂರು ಕಡೆ. ಬ್ಯಾಟನ್ನು ತೀರಾ ಹಿಂದಕ್ಕೆ ಎಳೆದುಕೊಂಡು ಹೊಡೆಯುವ ಮೊದಲು ಬ್ರೇಕ್ ಹಾಕುವುದು ಒಂದು. ಪ್ರತಿ ಸಲ ಬ್ರೇಕ್ ಬೇರೆ ಬೀಳುವುದರಿಂದ ಒಂದು ನೆಟ್‌ಗೆ, ಒಂದು ಮುಗಿಲಿಗೆ. ಒಂದು ಗೇಣಿಗಿಂತ ಹೆಚ್ಚು ಹಿಂದೆ ಹೋಗದಿದ್ದರೆ ಬ್ರೇಕೇ ಬೇಡ. ಗಾಬರಿಯಲ್ಲಿ ಹಿಡಿತ ಬಿಗಿಯುವುದು ಇನ್ನೊಂದು, ಆಟದಲ್ಲಿ ಶಟಲ್ ಎದೆಮಟ್ಟಕ್ಕೆ ಹೋಗಲು ಬಹುಪಾಲು ಇದೇ ಕಾರಣ. ಮೂರನೆಯದನ್ನು ಯಾರೂ ನೋಡುವುದೇ ಇಲ್ಲ: ಶಟಲ್ ಹಿಡಿದ ಕೈ ಅಲುಗಾಡುವುದು. ಶಟಲ್ ಒಮ್ಮೆ ಹೊಟ್ಟೆಯ ಮುಂದೆ, ಒಮ್ಮೆ ಒಂದಂಗುಲ ಮೇಲೆ ಇದ್ದರೆ ಬ್ಯಾಟಿನ ಕೈ ಎಷ್ಟು ಸರಿಯಿದ್ದರೂ ಫಲವಿಲ್ಲ. ಪಕ್ಕದಿಂದ ಮೊಬೈಲಿನಲ್ಲಿ ನಾಲ್ಕು ಸರ್ವಿಸ್ ಚಿತ್ರೀಕರಿಸಿ, ಬ್ಯಾಟನ್ನು ಬಿಟ್ಟು ಆ ಕೈಯನ್ನೇ ನೋಡಿ.

ಇದೆಲ್ಲವನ್ನೂ ಹೊಡೆಯುವ ಕ್ಷಣದಲ್ಲಿ ನೆನೆಯಲು ಹೋಗಬೇಡಿ. ಮಾತಿನ ನೆನಪು ಬೇರೆ, ಕೈಯ ನೆನಪು ಬೇರೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ಹೊಸದಾಗಿ ನಡೆದ ಯಾವುದೂ ಅವರ ನೆನಪಿನಲ್ಲಿ ಉಳಿಯಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಮೊಲೈಸನ್ ಕೈಯಿಂದ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಗೆರೆ ಎಳೆಸಿದರು. ಈ ಕೆಲಸ ಹಿಂದೆ ಮಾಡಿದ್ದೇ ನೆನಪಿಲ್ಲ ಎನ್ನುತ್ತಿದ್ದ ಮನುಷ್ಯನ ಕೈ ಮೂರು ದಿನದಲ್ಲಿ ಚೆನ್ನಾಗಿ ಪಳಗಿತ್ತು! ‘ಸ್ನಾಯುವಿನ ನೆನಪು’ ಎಂದು ನಾವು ಕರೆಯುವುದು ಸ್ನಾಯುವಿನಲ್ಲಿಲ್ಲ, ಮೆದುಳಿನದೇ ಬೇರೆ ಭಾಗಗಳಲ್ಲಿದೆ. ಹಿಂಬದಿಯ ಕಿರುಮೆದುಳು ಅವುಗಳಲ್ಲಿ ಮುಖ್ಯವಾದದ್ದು. ಶಟಲ್ ಎಲ್ಲಿಗೆ ಹೋಗುತ್ತದೆ ಎಂಬ ಎಣಿಕೆಗೂ ಅದು ನಿಜಕ್ಕೂ ಹೋದ ಜಾಗಕ್ಕೂ ಇರುವ ಅಂತರವೇ ಅದಕ್ಕೆ ಪಾಠ.

ಆದ್ದರಿಂದ ಆ ಅಂತರವನ್ನು ನೀವೇ ಅಳೆಯಿರಿ. ಸರ್ವಿಸ್ ಬಿಟ್ಟ ಕೂಡಲೇ, ಬೀಳುವ ಮೊದಲೇ ‘ಮೇಲೆ’, ‘ಗಿಡ್ಡ’, ‘ಸರಿ’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ನೋಡಿ. ಪಕ್ಕದಲ್ಲಿ ಹೇಳಿಕೊಡುವವರಿದ್ದರೆ ಪ್ರತಿಯೊಂದಕ್ಕೂ ತಿದ್ದದೆ ಮೂರು ನಾಲ್ಕಕ್ಕೊಮ್ಮೆ ಹೇಳಲಿ. 1990ರಲ್ಲಿ ವಿನ್‌ಸ್ಟೈನ್ ಮತ್ತು ಶ್ಮಿಟ್ ಮಾಡಿದ ಪ್ರಯೋಗದಲ್ಲಿ, ಅರ್ಧದಷ್ಟು ಸಲ ಮಾತ್ರ ಫಲಿತಾಂಶ ತಿಳಿಸಿಕೊಂಡವರು ಪ್ರತಿ ಸಲವೂ ತಿಳಿಸಿಕೊಂಡವರಿಗಿಂತ ಮರುದಿನ ನಿಖರವಾಗಿದ್ದರು. ಹೇಳುವ ಮಾತೂ ಮುಖ್ಯ. ‘ಮಣಿಕಟ್ಟು ಬಗ್ಗಿಸಬೇಡ’ ಎಂದರೆ ಗಮನ ಮೈಮೇಲೆ ಹೋಗಿ ಚಲನೆ ಬಿಗಿಯುತ್ತದೆ. ‘ಕಾರ್ಕನ್ನು ನೆಟ್‌ನ ಬಿಳಿ ಪಟ್ಟಿಯ ಮೇಲೆ ಜಾರಿಸು’ ಎಂದರೆ ಮಣಿಕಟ್ಟು ತಾನೇ ಸರಿಹೋಗುತ್ತದೆ.

ಭಾನುವಾರ ಎರಡು ಗಂಟೆ ಕೂತು ತೀರಿಸುವ ಆಸೆಯೂ ಬೇಡ. ಬ್ರಿಟನ್ನಿನ ಅಂಚೆ ನೌಕರರು ಟೈಪಿಂಗ್ ಕಲಿಯುವಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಲೆಕ್ಕ ಇಟ್ಟರು, ಅದು 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಒಟ್ಟು ಗಂಟೆಗಳು ಎಲ್ಲರಿಗಿಂತ ಕಡಿಮೆ ಸಾಕಾದವು, ದಿನಕ್ಕೆ ನಾಲ್ಕು ಗಂಟೆ ಕೂತವರಿಗೆ ಎಲ್ಲರಿಗಿಂತ ಹೆಚ್ಚು ಬೇಕಾದವು. ಒಂದು ಗಂಟೆಯವರಿಗೇ ತಮ್ಮ ತರಬೇತಿ ಎಲ್ಲಕ್ಕಿಂತ ಕಡಿಮೆ ಮೆಚ್ಚಿಕೆಯಾಗಿತ್ತು, ಯಾಕೆಂದರೆ ಮುಗಿಯಲು ದಿನಗಳು ಹೆಚ್ಚು ಹಿಡಿದವು! ಕಲಿಯುವವರಿಗೆ ಅನ್ನಿಸುವುದೇ ಒಂದು, ಆಗುವುದೇ ಇನ್ನೊಂದು. ನಡುವೆ ಬರುವ ರಾತ್ರಿಯ ನಿದ್ದೆಗೂ ಕೆಲಸವಿದೆ: ಕಲಿತ ಚಲನೆ ಮೆದುಳಿನಲ್ಲಿ ಗಟ್ಟಿಯಾಗುವುದಕ್ಕೆ ಅದು ನೆರವಾಗುತ್ತದೆ. ಬೆಳಗಿನ ಆಟಕ್ಕಾಗಿ ನಿದ್ದೆಗೆಟ್ಟರೆ ಹಿಂದಿನ ಸಂಜೆಯ 36ಕ್ಕೂ ನಷ್ಟ.

ಚೀಟಿಯ ಅಭ್ಯಾಸ ಎರಡು ವಾರ ನಡೆದ ಮೇಲೆ ಇನ್ನೊಂದು ಸೇರಿಸಿ. ಆಚೆ ಗೆರೆಯಲ್ಲಿ ಒಬ್ಬರನ್ನು ಬ್ಯಾಟ್ ಎತ್ತಿ ನಿಲ್ಲಿಸಿ, ಮೇಲೆ ಬಂದದ್ದನ್ನು ಅವರು ಹೊಡೆದು ಕೆಡವಲಿ. ನೀವು ಪ್ರತಿ ಸರ್ವಿಸ್‌ಗೆ ಮುಂಚೆ ಕೋರ್ಟಿನ ಹಿಂದಿನ ಎರಡು ಮೂಲೆಗಳನ್ನು ಒಮ್ಮೆ ಓಡಿ ಮುಟ್ಟಿ ಬನ್ನಿ. ಬಂದು ನಿಂತು, ಉಸಿರು ಹೊರಗೆ ಬಿಟ್ಟು, ಹಿಡಿತ ಸಡಿಲಿಸಿ, ಚೀಟಿ ತೆಗೆದು, ಒಂದೇ ಸರ್ವಿಸ್. ಮತ್ತೆ ಓಡಿ. ಹೀಗೆ ದಿನಕ್ಕೆ 12 ಹೊಡೆದರೆ ಸಾಕು, ಉಳಿದ 24 ಮಾಮೂಲಿನಂತೆ.